ಎರಕದಲ್ಲಿ ಅಳತೆಯ ನಿಖರತೆ

ಕರಗಿದ ಲೋಹವು ಅಚ್ಚಿನಲ್ಲಿ ಹೆಪ್ಪುಗಟ್ಟಿ ತಣಿಯುವಾಗ ಕುಗ್ಗುವುದು ಅದರ ಸ್ವಭಾವ. ಆದುದರಿಂದ ಮಾದರಿಯನ್ನು ಬೂದು ಬೀಡುಕಬ್ಬಿಣಕ್ಕೆ ಸುಮಾರು ಶೇಕಡಾ 1ರಷ್ಟು, ಉಕ್ಕಿಗೆ ಸುಮಾರು 2ರಷ್ಟು ಹಿರಿದಾಗಿ ರಚಿಸುತ್ತಾರೆ. 500 ಮಿಲಿಮೀಟರಿನ ಉಕ್ಕಿನ ಎರಕಕ್ಕೆ 510ರ ಮಾದರಿ ಬೇಕು. ಬೀಡಿಗೆಂದು ಮಾಡಿದ 505ರ ಮಾದರಿಯಿಂದ ಉಕ್ಕನ್ನು ಹೊಯ್ದರೆ ವಸ್ತು 5 ಮಿಲಿಮೀಟರು ಕಿರಿದಾಗಿ, ಕಡೆಯಲು ಲೋಹವಿಲ್ಲದೆ ಕುಲುಮೆಗೆ ಮರಳುತ್ತದೆ.

ಲೆಕ್ಕ ಇಷ್ಟಕ್ಕೇ ಮುಗಿಯದು. ಕೋರು ಅಡ್ಡನಿಂತಲ್ಲಿ ಕುಗ್ಗುವಿಕೆ ತಗ್ಗುತ್ತದೆ. ಮರಳಿನ ದಮ್ಮಸು ಸಡಿಲವಾದಲ್ಲಿ ಅಚ್ಚಿನ ಗೋಡೆ ಸರಿದು ಎರಕ ಉಬ್ಬುತ್ತದೆ. ಬೂದು ಬೀಡಿನಲ್ಲಿ ಗ್ರಾಫೈಟು ಮೈದಳೆಯುವಾಗ ಹಿಗ್ಗುವುದರಿಂದ ಈ ಕಾಟ ಅಧಿಕ. ಬೆಳಗಾವಿಯಂತಹ ಫೌಂಡ್ರಿಗಳ ಊರಿನಲ್ಲಿ ಮಳೆಗಾಲದ ತೇವವೂ ಮರದ ಮಾದರಿಯನ್ನು ಊದಿಸೀತು. ಅಂತೆಯೇ ಅನುಭವಿಗಳು ಕೋಷ್ಟಕವನ್ನಷ್ಟೇ ನಂಬದೆ, ಮೊದಲ ಎರಕವನ್ನು ಅಳೆದು, ಮಾದರಿಯನ್ನು ತಿದ್ದಿ, ಬಳಿಕವೇ ಉಳಿದ ಅಚ್ಚುಗಳನ್ನು ಕಟ್ಟಿಸುತ್ತಾರೆ.