ಇಪ್ಪತ್ತು ಸಾವಿರ ಹೆಚ್ಚು ಸಿಗುತ್ತದೆ, ಗುತ್ತಿಗೆಗೆ ಹೋಗಲೇ?

ಏಜೆನ್ಸಿಯೊಂದರ ಮೂಲಕ ತಿಂಗಳಿಗೆ 90,000 ರೂಪಾಯಿಯ ಒಂದು ವರ್ಷದ ಗುತ್ತಿಗೆ, ಇನ್ನೊಂದೆಡೆ 70,000 ರೂಪಾಯಿಯ ಕಾಯಂ ನೌಕರಿ. ಬೆಂಗಳೂರಿನ ಬಾಡಿಗೆ ಕಟ್ಟುವವರಿಗೆ ಈ ಅಂತರ ಸಣ್ಣದಲ್ಲ, ನಿಮ್ಮ ಗೊಂದಲ ಸಹಜ.

ಮೊದಲು ಗುತ್ತಿಗೆ ಪತ್ರವನ್ನು ಓದಿ. ಏಜೆನ್ಸಿ ನಿಮ್ಮನ್ನು ತನ್ನ ನೌಕರರೆಂದು ಸೇರಿಸಿಕೊಂಡು ಪಿಎಫ್ ಕಟ್ಟುತ್ತದೆಯೋ ಅಥವಾ ತಿಂಗಳು ತಿಂಗಳು ನೀವೇ ಬಿಲ್ ಕೊಡಬೇಕೋ? ಎರಡನೆಯದಾದರೆ ಪಿಎಫ್‌ಗೆ ಕಂಪನಿ ಸೇರಿಸುವ ಮೂಲವೇತನದ ಶೇ 12ರ ಪಾಲು, ಗ್ರಾಚ್ಯುಟಿ, ಸಂಬಳಸಹಿತ ರಜೆ, 26 ವಾರಗಳ ಹೆರಿಗೆ ರಜೆ ಯಾವುದೂ ನಿಮಗಿಲ್ಲ. ಜ್ವರ ಬಂದು ಮಲಗಿದ ದಿನದ ದುಡ್ಡೂ ಹೋಗುತ್ತದೆ.

ನನಗೆ ಹೆಚ್ಚು ಕಾಳಜಿ ಇರುವುದು ನೀವು ಪತ್ರದಲ್ಲಿ ಬರೆದಿರುವ ನಿಮ್ಮ ತಂದೆಯವರ ಸಕ್ಕರೆ ಕಾಯಿಲೆಯ ಬಗ್ಗೆ. ಕಂಪನಿಯ ಗುಂಪು ವಿಮೆಯಲ್ಲಿ ಹೆತ್ತವರಿಗೂ ಅವಕಾಶವಿದ್ದರೆ ಹಳೆಯ ಕಾಯಿಲೆಗೆ ಸಾಮಾನ್ಯವಾಗಿ ಮೊದಲ ದಿನದಿಂದಲೇ ರಕ್ಷಣೆ ಇರುತ್ತದೆ. ನೀವೇ ಹೊಸ ಪಾಲಿಸಿ ಮಾಡಿಸಿದರೆ ಅದಕ್ಕಾಗಿ 3 ವರ್ಷದವರೆಗೂ ಕಾಯಬೇಕಾಗಬಹುದು. ಅಷ್ಟರಲ್ಲಿ ಒಮ್ಮೆ ಆಸ್ಪತ್ರೆ ಸೇರಿದರೂ ವರ್ಷವಿಡೀ ಬಂದ ಹೆಚ್ಚುವರಿ ಹಣ ಕರಗಬಹುದು.

ಮನೆ ಸಾಲದ ಯೋಚನೆಯಿದ್ದರೆ, ತಾವೇ ಬಿಲ್ ಕೊಟ್ಟು ದುಡಿಯುವವರಿಂದ ಬ್ಯಾಂಕುಗಳು ಸಾಮಾನ್ಯವಾಗಿ ಎರಡು-ಮೂರು ವರ್ಷಗಳ ತೆರಿಗೆ ರಿಟರ್ನ್ಸ್ ಕೇಳುತ್ತವೆ.

ಆರು ತಿಂಗಳ ಖರ್ಚಿನಷ್ಟು ಉಳಿತಾಯ ಕೈಯಲ್ಲಿದ್ದು, ಮನೆಯಲ್ಲಿ ಇನ್ನೊಂದು ಸ್ಥಿರ ಆದಾಯವಿದ್ದಿದ್ದರೆ ಗುತ್ತಿಗೆಗೆ ಧೈರ್ಯವಾಗಿ ಹೋಗಿ ಎನ್ನುತ್ತಿದ್ದೆ. ನಿಮ್ಮ ಪತ್ರದಲ್ಲಿ ಎರಡೂ ಕಾಣಲಿಲ್ಲ. ಕಾಯಂ ನೌಕರಿ ಒಪ್ಪಿಕೊಳ್ಳಿ. ಸಹಿ ಹಾಕುವ ಮುನ್ನ ವಿಮೆಗೆ ತಂದೆಯವರನ್ನು ಸೇರಿಸುವ ಬಗ್ಗೆ ಎಚ್‌ಆರ್‌ನವರಿಂದ ಬರಹದಲ್ಲಿ ಉತ್ತರ ಪಡೆಯಿರಿ, ಸಂಬಳ 75,000 ಮಾಡಲು ಸಾಧ್ಯವೇ ಎಂದೂ ಕೇಳಿ.