ಪಾಠವಿಲ್ಲದ ಗಂಟೆಗಳನ್ನು ನೋಡಿ ಕಾಲೇಜು ಆರಿಸು

ಮಗಳೇ,

ಮುಂದಿನ ಸೆಪ್ಟೆಂಬರಿಗೆ ಎಲ್ಲಿ ಸೇರಬೇಕು ಎಂಬ ಮಾತು ನಿಮ್ಮ ಮನೆಯಲ್ಲಿ ದಿನಾ ರಾತ್ರಿ ಊಟದ ಹೊತ್ತಿಗೆ ಏಳುತ್ತಿದೆಯೆಂದು ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಹದಿನಾರರ ನಂತರದ ಎರಡು ವರ್ಷದ ಓದಿಗೆ ಈಗಿರುವ ಶಾಲೆಯ ಸಿಕ್ಸ್ತ್ ಫಾರ್ಮಿನಲ್ಲೇ ಉಳಿಯುವುದೋ, ಊರಾಚೆಯ ದೊಡ್ಡ ಸಿಕ್ಸ್ತ್ ಫಾರ್ಮ್ ಕಾಲೇಜಿಗೆ ಹೋಗುವುದೋ ಎಂಬುದು ನಿಮ್ಮ ಪ್ರಶ್ನೆ. ಇಂಗ್ಲೆಂಡಿನ ಇಂಥದೇ ಕಾಲೇಜಿನಲ್ಲಿ ಬಹುಕಾಲ ಕೆಮಿಸ್ಟ್ರಿ ಪಾಠ ಮಾಡಿದ ನಿನ್ನ ದೊಡ್ಡಮ್ಮನಿಗೆ ಇದರಲ್ಲಿ ಹೇಳುವುದು ಸ್ವಲ್ಪ ಇದೆ.

ಮೊದಲು ವಿಷಯಗಳ ಮಾತು. ನಿನ್ನಪ್ಪ ಅಮ್ಮ ಓದಿದ್ದು ಕರ್ನಾಟಕದ ಪಿಯುಸಿ. ಅಲ್ಲಿ ಪಿಸಿಎಂಬಿ ತಗೊಂಡರೆ ಡಾಕ್ಟರಿಕೆ, ಎಂಜಿನಿಯರಿಂಗ್ ಎರಡಕ್ಕೂ ದಾರಿ ಇರುತ್ತದೆ, ತೀರ್ಮಾನವನ್ನು ಎರಡು ವರ್ಷ ಮುಂದೂಡಬಹುದು. ಇಲ್ಲಿ ಇಂಗ್ಲೆಂಡಿನಲ್ಲಿ ಬಹುತೇಕರು ಓದುವುದು ಮೂರೇ ವಿಷಯ, ಅಂದರೆ ಮೂರು ಎ ಲೆವೆಲ್. ಹಾಗಾಗಿ ಹದಿನಾರನೇ ವಯಸ್ಸಿಗೇ ಕೆಲವು ದಾರಿ ಮುಚ್ಚುತ್ತವೆ. ಮೆಡಿಸಿನ್ನಿಗೆ ಕೆಮಿಸ್ಟ್ರಿಯನ್ನು ಹೆಚ್ಚುಕಡಿಮೆ ಎಲ್ಲ ಕಡೆಯೂ ಕೇಳುತ್ತಾರೆ, ಬಯಾಲಜಿಯನ್ನು ಬಹಳ ಕಡೆ ಕೇಳುತ್ತಾರೆ. ಎಂಜಿನಿಯರಿಂಗಿಗೆ ಗಣಿತ ಬಿಟ್ಟರೆ ನಡೆಯದು, ಫಿಸಿಕ್ಸ್ ಕೂಡ ಸಾಮಾನ್ಯವಾಗಿ ಬೇಕು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನಲ್ಲಿ ಅರ್ಥಶಾಸ್ತ್ರ ಓದಲು ಎಕನಾಮಿಕ್ಸ್ ಎ ಲೆವೆಲ್ ಕಡ್ಡಾಯವಲ್ಲ, ಗಣಿತ ಕಡ್ಡಾಯ. ಇಷ್ಟನ್ನು ನೋಡಿಕೊಂಡ ಮೇಲೆ ಉಳಿಯುವ ಜಾಗದಲ್ಲಿ ನಿನಗೆ ಪ್ರಿಯವಾದ ವಿಷಯವನ್ನೇ ಇಡು. ಹಿಸ್ಟರಿ ಓದುವಾಗ ನಿನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾರನ್ನೋ ಮೆಚ್ಚಿಸಲು ಅದನ್ನು ಬಿಡಬೇಡ. ಕೈಕೆಲಸದ ಕಡೆ ಒಲವಿರುವ ನಿನ್ನ ಗೆಳತಿಗೆ 2020ರಲ್ಲಿ ಶುರುವಾದ ಟಿ ಲೆವೆಲ್ ಬಗ್ಗೆಯೂ ಹೇಳು. ಅದು ಮೂರು ಎ ಲೆವೆಲ್‌ಗೆ ಸಮ. ಓದಿನ ಜೊತೆಗೆ ಕನಿಷ್ಠ 315 ಗಂಟೆ ಕೆಲಸದ ಜಾಗದಲ್ಲೇ ಕಲಿಕೆ ಇರುತ್ತದೆ. ಅದು ಕೀಳು ಓದಲ್ಲ.

ಇನ್ನು ಕಾಲೇಜು. ಎಲ್ಲರೂ ಮೊದಲು ಹುಡುಕುವುದು ಫಲಿತಾಂಶದ ಪಟ್ಟಿ: ಯಾವ ಕಾಲೇಜಿನಲ್ಲಿ ಎಷ್ಟು ಎ ಸ್ಟಾರ್, ಎಷ್ಟು ಮಕ್ಕಳು ಕೇಂಬ್ರಿಜ್ ಸೇರಿದರು. ನೋಡಬೇಡ ಎನ್ನುವುದಿಲ್ಲ. ಆದರೆ ಹದಿನಾರರಲ್ಲಿ ಬರೆಯುವ ಜಿಸಿಎಸ್‌ಇಯಲ್ಲಿ 8, 9ರಂಥ ಮೇಲಿನ ಗ್ರೇಡ್ ಬಂದ ಮಕ್ಕಳನ್ನೇ ಆರಿಸಿ ಸೇರಿಸಿಕೊಂಡ ಕಡೆ ಎ ಸ್ಟಾರ್ ಹೆಚ್ಚು ಬರುವುದು ಸಹಜ. ಅಲ್ಲಿನ ಪಾಠ ಚೆನ್ನಾಗಿದೆ ಎಂಬುದಕ್ಕೆ ಅದೊಂದೇ ಸಾಕ್ಷಿಯಾಗದು. ಮೊದಲ ವರ್ಷ ಹಿಂದೆ ಬಿದ್ದವರನ್ನು ಎರಡನೇ ವರ್ಷಕ್ಕೆ ಬಿಟ್ಟುಕೊಳ್ಳದ ಜಾಗಗಳೂ ಇವೆ. ಸರ್ಕಾರ ಪ್ರಕಟಿಸುವ ಅಂಕಿಅಂಶದಲ್ಲಿ, ಸೇರಿದವರಲ್ಲಿ ಎಷ್ಟು ಮಂದಿ ಕೊನೆಯವರೆಗೂ ಉಳಿದರು ಎಂಬ ಲೆಕ್ಕವೂ ಇರುತ್ತದೆ. ಅಪ್ಪನಿಗೆ ಅದನ್ನು ತೋರಿಸು.

ನಾನು ನಿನಗೆ ಮುಖ್ಯವಾಗಿ ಹೇಳಬೇಕೆಂದಿರುವುದು ಪಾಠವಿಲ್ಲದ ಗಂಟೆಗಳ ಬಗ್ಗೆ. ಈಗ ಬೆಳಗಿನಿಂದ ಮೂರು ಗಂಟೆಯವರೆಗೆ ಪ್ರತಿ ಪೀರಿಯಡ್ಡಿಗೂ ಒಬ್ಬ ಟೀಚರ್ ಇರುತ್ತಾರೆ. ಸಿಕ್ಸ್ತ್ ಫಾರ್ಮಿಗೆ ಹೋದ ಮೇಲೆ ಮೂರು ವಿಷಯ ಸೇರಿ ವಾರಕ್ಕೆ ಸುಮಾರು 15 ಗಂಟೆ ಪಾಠ, ಅಷ್ಟೇ. ಸೋಮವಾರ ಒಂಬತ್ತಕ್ಕೆ ಒಂದು ಕ್ಲಾಸು, ಆಮೇಲೆ ಮಧ್ಯಾಹ್ನ ಎರಡಕ್ಕೆ ಇನ್ನೊಂದು. ನಡುವಿನ ಹೊತ್ತು ನಿನ್ನದು. ಬುದ್ಧಿವಂತ ಮಕ್ಕಳು ಜಾರಿಬಿದ್ದದ್ದನ್ನು ನಾನು ಹೆಚ್ಚಾಗಿ ನೋಡಿದ್ದು ಇಲ್ಲಿಯೇ. ಎ ಲೆವೆಲ್ ಕಷ್ಟವೆಂದು ಬಿದ್ದವರಿಗಿಂತ ಈ ಬಿಡುವು ಕೈಮೀರಿ ಬಿದ್ದವರೇ ಜಾಸ್ತಿ.

ಹೀಗೆ ಜಾರುವುದು ಬೇಗ ಕಣ್ಣಿಗೂ ಬೀಳುವುದಿಲ್ಲ. 2015ರಿಂದ ಹಂತಹಂತವಾಗಿ ಬಂದ ಬದಲಾವಣೆಯ ನಂತರ ಎ ಲೆವೆಲ್ ಪರೀಕ್ಷೆಗಳೆಲ್ಲ ಎರಡನೇ ವರ್ಷದ ಕೊನೆಗೆ ಒಟ್ಟಿಗೆ ನಡೆಯುತ್ತವೆ. ಮೊದಲ ವರ್ಷ ಪಬ್ಲಿಕ್ ಪರೀಕ್ಷೆಯಿಲ್ಲ, ಇನ್ನೂ ಕಾಲವಿದೆ ಎನ್ನಿಸುತ್ತದೆ. ನಿಜವಾಗಿ ಕಾಲವಿಲ್ಲ. ಯೂನಿವರ್ಸಿಟಿ ಅರ್ಜಿಯಲ್ಲಿ ನಿನಗೆ ಎಷ್ಟು ಗ್ರೇಡ್ ಬರಬಹುದೆಂದು ಟೀಚರುಗಳು ಬರೆಯುವುದು ಬಹುಮಟ್ಟಿಗೆ ಮೊದಲ ವರ್ಷದ ಕೆಲಸ ನೋಡಿಯೇ. ಮೆಡಿಸಿನ್ನಿಗೋ ಆಕ್ಸ್‌ಫರ್ಡ್, ಕೇಂಬ್ರಿಜ್‌ಗೋ ಹಾಕುವವರು ಎರಡನೇ ವರ್ಷ ಶುರುವಾದ ಕೂಡಲೇ, ಅಕ್ಟೋಬರ್ 15ರೊಳಗೆ ಅರ್ಜಿ ಮುಗಿಸಬೇಕು. ನಿನ್ನ ಕೈಯಲ್ಲಿರುವುದು ಒಂದೇ ವರ್ಷ ಎಂದುಕೋ.

ಆದ್ದರಿಂದ ಕಾಲೇಜು ನೋಡಲು ಕರೆಯುವ ಓಪನ್ ಈವ್ನಿಂಗಿಗೆ ಹೋದಾಗ ಪ್ರಿನ್ಸಿಪಾಲರ ಭಾಷಣ ಕೇಳಿ ಬಂದುಬಿಡಬೇಡ. ಲೈಬ್ರರಿಗೆ ಹೋಗು. ಕೂರಲು ಜಾಗ ಸಾಲುತ್ತದೆಯೇ, ಬಿಡುವಿನ ಹೊತ್ತಿನಲ್ಲಿ ಲೆಕ್ಕ ತಿಳಿಯದಿದ್ದರೆ ಹೋಗಿ ಕೇಳಲು ಯಾರಾದರೂ ಸಿಗುತ್ತಾರೆಯೇ ನೋಡು. ದಾರಿ ತೋರಿಸಲು ನಿಂತಿರುವ ವಿದ್ಯಾರ್ಥಿಯನ್ನು ಪಕ್ಕಕ್ಕೆ ಕರೆದು, ‘ಮೊನ್ನೆ ಮಂಗಳವಾರ ಏನೇನು ಮಾಡಿದೆ?’ ಎಂದು ಕೇಳು. ‘ಕಾಲೇಜು ಹೇಗಿದೆ’ ಎಂದು ಕೇಳಿದರೆ ಚೆನ್ನಾಗಿದೆ ಎಂದೇ ಹೇಳುತ್ತಾರೆ. ಮಂಗಳವಾರದ ಕಥೆ ಹೇಳುವಾಗ ಸುಳ್ಳು ಬರುವುದಿಲ್ಲ. ಎರಡು ವಾರ ಕ್ಲಾಸು ತಪ್ಪಿಸಿದರೆ ಯಾರ ಗಮನಕ್ಕೆ ಬರುತ್ತದೆ ಎಂದೂ ಕೇಳಿ ನೋಡು.

ನಮ್ಮ ಲ್ಯಾಬಿನ ಮಾತು ಹೇಳುತ್ತೇನೆ. ಆ ಸಂಜೆ ಎಲ್ಲ ಕಡೆಯೂ ಬಣ್ಣಬಣ್ಣದ ಜ್ವಾಲೆ ಹಚ್ಚಿ ತೋರಿಸುತ್ತೇವೆ, ಮಕ್ಕಳು ಅದರ ಸುತ್ತ ಮುತ್ತುತ್ತಾರೆ. ನೀನು ಮೂಲೆಯ ಬೆಂಚಿನಲ್ಲಿ ಟೈಟ್ರೇಶನ್ ಮಾಡುತ್ತಿರುವ ಹುಡುಗಿಯ ಕೈ ನೋಡು. ಎಡಗೈ ಬ್ಯುರೆಟ್ಟಿನ ನಲ್ಲಿ ಮೇಲೆ, ಬಲಗೈ ಫ್ಲಾಸ್ಕನ್ನು ಮೆಲ್ಲಗೆ ಸುತ್ತಿಸುತ್ತಾ, ಕೊನೆಗೆ ಒಂದೊಂದೇ ಹನಿ ಬಿಟ್ಟು, ತಿಳಿ ಗುಲಾಬಿ ಬಣ್ಣ ನಿಂತ ಕ್ಷಣಕ್ಕೆ ನಲ್ಲಿ ಮುಚ್ಚಿದಳೆಂದರೆ ಅವಳು ಅದನ್ನು ಹತ್ತಾರು ಸಲ ಮಾಡಿದ್ದಾಳೆ ಎಂದರ್ಥ. ಎ ಲೆವೆಲ್ ಕೆಮಿಸ್ಟ್ರಿಗೆ ಎರಡು ವರ್ಷದಲ್ಲಿ ಕನಿಷ್ಠ 12 ಪ್ರಾಕ್ಟಿಕಲ್ ಆಗಲೇಬೇಕು. 12ಕ್ಕೇ ನಿಲ್ಲಿಸುವ ಕಾಲೇಜೂ ಇದೆ, ವಾರವಾರವೂ ಕೈಗೆ ಉಪಕರಣ ಕೊಡುವ ಕಾಲೇಜೂ ಇದೆ. ಆ ಹುಡುಗಿಯ ಬೆರಳು ನಿನಗೆ ಅದನ್ನು ಹೇಳಿಬಿಡುತ್ತದೆ.

ಬಸ್ಸಿನ ಹಾದಿಯನ್ನೂ ಒಮ್ಮೆ ವಾರದ ದಿನ ಬೆಳಿಗ್ಗೆ ಹೋಗಿ ಬಂದು ನೋಡು. ಹೋಗಿಬರಲು ದಿನಾ ಎರಡು ಗಂಟೆಗಿಂತ ಹೆಚ್ಚು ಹಿಡಿದರೆ, ಎಷ್ಟೇ ಹೆಸರಿದ್ದರೂ ನಾನಾದರೆ ಬೇಡವೆನ್ನುತ್ತೇನೆ. ಡಿಸೆಂಬರಿನಲ್ಲಿ ನಾಲ್ಕಕ್ಕೇ ಕತ್ತಲಾಗುವ ಊರು ಇದು.

ದೊಡ್ಡ ಕಾಲೇಜೋ ಚಿಕ್ಕದೋ ಎಂಬುದಕ್ಕೆ ಉತ್ತರ ನಿನ್ನ ಸ್ವಭಾವದಲ್ಲಿದೆ. ಕೇಂಬ್ರಿಜ್‌ನ ಹಿಲ್ಸ್ ರೋಡ್, ವಿಂಚೆಸ್ಟರ್‌ನ ಪೀಟರ್ ಸೈಮಂಡ್ಸ್‌ನಂಥ ಕಡೆ ಸಾವಿರಾರು ಮಕ್ಕಳು. ಬೇಕಾದ ವಿಷಯ, ಹೊಸ ಗೆಳೆತನ ಸಿಗುತ್ತದೆ, ಆದರೆ ನೀನಾಗಿ ಹೋಗಿ ಬಾಗಿಲು ತಟ್ಟಬೇಕು. ನೀನು ಕೇಳಲು ಸಂಕೋಚಪಡುವವಳು. ಹಾಗೆಂದು ದೊಡ್ಡ ಕಾಲೇಜು ಬೇಡವೆನ್ನುವುದಿಲ್ಲ. ಆ ಸಂಕೋಚ ಬಿಡಲು ನೀನು ಸಿದ್ಧಳಿದ್ದೀಯಾ ಎಂದು ನಿನ್ನನ್ನೇ ಕೇಳಿಕೋ.

ಎರಡು ಮೂರು ಕಡೆ ಅರ್ಜಿ ಹಾಕು, ಆಗಸ್ಟಿನಲ್ಲಿ ಜಿಸಿಎಸ್‌ಇ ಫಲಿತಾಂಶ ಬಂದ ಮೇಲೆ ಒಂದನ್ನು ಗಟ್ಟಿಮಾಡು. ಸೇರಿದ ಮೇಲೆ ಯಾವುದೋ ವಿಷಯ ಒಗ್ಗಲಿಲ್ಲವೆಂದರೆ ಮೊದಲ ಕೆಲವೇ ವಾರ ಬದಲಾಯಿಸಲು ಬಿಡುತ್ತಾರೆ. ಕ್ರಿಸ್ಮಸ್‌ವರೆಗೆ ಹಲ್ಲು ಕಚ್ಚಿಕೊಂಡು ಕೂರಬೇಡ, ಸೆಪ್ಟೆಂಬರಿನಲ್ಲೇ ಹೇಳು. ಅಪ್ಪನ ಮುಂದೆ ಬಾಯಿ ಬರದಿದ್ದರೆ ನನಗೆ ಫೋನ್ ಮಾಡು, ಅವರ ಹತ್ತಿರ ನಾನು ಮಾತಾಡುತ್ತೇನೆ.