ಮೀಸಲು ಕಿವಿ

ಸುಗ್ಗಿಯ ಕಾಲದಲ್ಲಿ ಕಣ ಕಾಯಲು ಇಬ್ಬರು ಹೋಗುವುದುಂಟು. ಒಬ್ಬನು ಎಚ್ಚರವಾಗಿದ್ದರೆ ಇನ್ನೊಬ್ಬನು ಪಕ್ಕದಲ್ಲಿ ಮಲಗಿರುತ್ತಾನೆ. ಎಚ್ಚರವಿದ್ದವನು ತೂಕಡಿಸತೊಡಗಿದರೆ ಮಲಗಿದವನು ಏಳಬೇಕು. ಆದರೆ ಮಲಗಿದವನಿಗೆ ಅದು ತಿಳಿಯುವ ಬಗೆ ಹೇಗೆ? ಯಂತ್ರಗಳ ಲೋಕದಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ.

ಬಾನುಲಿ ಕೇಂದ್ರವೊಂದರಲ್ಲಿ ಎರಡು ಪ್ರೇಷಕಗಳಿವೆಯೆಂದು ಭಾವಿಸೋಣ. ಒಂದು ಕೆಲಸದಲ್ಲಿದೆ, ಇನ್ನೊಂದು ಮೀಸಲಾಗಿದೆ. ಮೊದಲನೆಯದು ಕೆಟ್ಟಾಗ ಎರಡನೆಯದು ತಾನಾಗಿಯೇ ಕೆಲಸವನ್ನು ವಹಿಸಿಕೊಳ್ಳಬೇಕಾದರೆ ಮೂರು ಅಂಗಗಳು ಬೇಕು. ಮೊದಲನೆಯದು ಅರಿಯುವ ಅಂಗ. ಇದು ಆಂಟೆನಾದ ಕಡೆಗೆ ಹರಿಯುವ ಶಕ್ತಿಯ ಅತ್ಯಲ್ಪ ಅಂಶವನ್ನು ಹೊರತೆಗೆದು ಸದಾ ಅಳೆಯುತ್ತಿರುತ್ತದೆ. ಎರಡನೆಯದು ನಿರ್ಣಯಿಸುವ ಅಂಗ. ಶಕ್ತಿಯು ಗೊತ್ತುಪಡಿಸಿದ ಮಟ್ಟಕ್ಕಿಂತ ಕೆಳಗಿಳಿದರೆ ಅದು ಕೂಡಲೇ ದುಡುಕುವುದಿಲ್ಲ. ಸ್ವಲ್ಪ ಹೊತ್ತು ಕಾಯುತ್ತದೆ. ಏಕೆಂದರೆ ಸಿಡಿಲು ಮಿಂಚುಗಳಿಂದ ಕ್ಷಣಮಾತ್ರದ ಏರುಪೇರು ಉಂಟಾಗಬಹುದು. ಅಂಥ ಪ್ರತಿಯೊಂದು ಸಂದರ್ಭದಲ್ಲಿಯೂ ಬದಲಾವಣೆ ಮಾಡುತ್ತ ಹೋದರೆ ಪ್ರಸಾರವೇ ಕೆಡುತ್ತದೆ. ಮೂರನೆಯದು ಬದಲಿಸುವ ಅಂಗ, ಎಂದರೆ ಸ್ವಿಚ್ಚು. ಪ್ರಬಲವಾದ ರೇಡಿಯೋ ಶಕ್ತಿ ಹರಿಯುತ್ತಿರುವಾಗಲೇ ಸ್ವಿಚ್ಚನ್ನು ತಿರುಗಿಸಿದರೆ ಕಿಡಿ ಹಾರಿ ಅದರ ಸಂಪರ್ಕಗಳು ಸುಟ್ಟುಹೋಗಬಹುದು. ಆದುದರಿಂದ ಮೊದಲು ಶಕ್ತಿಯನ್ನು ನಿಲ್ಲಿಸಿ, ಆಂಟೆನಾವನ್ನು ಮೀಸಲು ಪ್ರೇಷಕಕ್ಕೆ ಜೋಡಿಸಿ, ಅನಂತರವೇ ಅದನ್ನು ಚಾಲನೆಗೊಳಿಸಲಾಗುತ್ತದೆ.

ಭೂಮಿಯ ಮೇಲೆ ಈ ಏರ್ಪಾಡು ತಪ್ಪಿದರೆ ಯಾರಾದರೊಬ್ಬರು ಓಡಿಬಂದು ಸರಿಪಡಿಸಬಹುದು. ಕೋಟ್ಯಂತರ ಕಿಲೋಮೀಟರ್ ದೂರದಲ್ಲಿ, ಯಾರೂ ಇಲ್ಲದೆಡೆ, ಇದು ತಪ್ಪಿದರೆ ಗತಿಯೇನು? ಅಮೆರಿಕದ ವಾಯೇಜರ್-2 ಗಗನನೌಕೆಯ ಕಥೆ ಇದಕ್ಕೆ ಉತ್ತರ ಹೇಳುತ್ತದೆ.

1977ರ ಆಗಸ್ಟ್ 20ರಂದು ಹೊರಟ ಈ ನೌಕೆಯಲ್ಲಿ ಭೂಮಿಯ ಆಜ್ಞೆಗಳನ್ನು ಆಲಿಸಲು ಎರಡು ಗ್ರಾಹಕಗಳಿದ್ದುವು: ಒಂದು ಮುಖ್ಯ, ಒಂದು ಮೀಸಲು. ಗ್ರಾಹಕವು ಕೆಟ್ಟಿದೆಯೆಂದು ನೌಕೆ ಅರಿಯುವ ಉಪಾಯ ಸರಳವಾಗಿತ್ತು. ಒಂದು ವಾರದವರೆಗೆ ಯಾವ ಆಜ್ಞೆಯೂ ಕೇಳಿಸದಿದ್ದರೆ, ಕಿವಿಯೇ ಕೆಟ್ಟಿರಬೇಕೆಂದು ಬಗೆದು ನೌಕೆಯ ಗಣಕವು ಇನ್ನೊಂದು ಗ್ರಾಹಕಕ್ಕೆ ಬದಲಾಯಿಸಬೇಕು.

1978ರ ಏಪ್ರಿಲ್‌ನಲ್ಲಿ ವಿಚಿತ್ರ ಸಂಗತಿಯೊಂದು ನಡೆಯಿತು. ವಾಯೇಜರ್-1ರ ತೊಂದರೆಯಲ್ಲಿ ಮಗ್ನರಾಗಿದ್ದ ಭೂಕೇಂದ್ರದವರು ವಾಯೇಜರ್-2ಕ್ಕೆ ಆಜ್ಞೆ ಕಳುಹಿಸುವುದನ್ನು ಮರೆತರು. ಕಿವಿ ನೆಟ್ಟಗಿತ್ತು, ಮಾತನಾಡುವವರೇ ಸುಮ್ಮನಿದ್ದರು. ಆದರೆ ಈ ಎರಡರ ಭೇದವನ್ನು ಗಣಕವು ಅರಿಯುವಂತಿರಲಿಲ್ಲ. ಏಪ್ರಿಲ್ 5ರಂದು ಅದು ನಿಯಮದಂತೆ ಮೀಸಲು ಗ್ರಾಹಕಕ್ಕೆ ಬದಲಾಯಿಸಿತು.

ಆಗ ಬೇರೊಂದು ಕೇಡು ಬೆಳಕಿಗೆ ಬಂದಿತು. ಮೀಸಲು ಗ್ರಾಹಕದಲ್ಲಿದ್ದ ಒಂದು ಕೆಪಾಸಿಟರ್ ಕೆಟ್ಟಿತ್ತು. ಚಲಿಸುವ ನೌಕೆಯನ್ನು ತಲಪುವ ಅಲೆಗಳ ಆವರ್ತಾಂಕ ಒಂದೇ ಸಮನಾಗಿರುವುದಿಲ್ಲ. ಭೂಮಿಯ ಮತ್ತು ನೌಕೆಯ ಚಲನೆಗಳಿಂದ ಅದು ಏರಿಳಿಯುತ್ತದೆ. ಸರಿಯಿರುವ ಗ್ರಾಹಕವು ಆ ಏರಿಳಿತವನ್ನು ತಾನೇ ಹಿಂಬಾಲಿಸುತ್ತದೆ. ಕೆಟ್ಟ ಗ್ರಾಹಕಕ್ಕೆ ಆ ಸಾಮರ್ಥ್ಯವಿರಲಿಲ್ಲ. ಅತಿ ಕಿರಿದಾದ ಒಂದು ಆವರ್ತಾಂಕದ ಪಟ್ಟಿಯೊಳಗೆ ಬಂದ ಮಾತು ಮಾತ್ರ ಅದಕ್ಕೆ ಕೇಳಿಸುತ್ತಿತ್ತು. ಭೂಮಿಯಿಂದ ಎಷ್ಟು ಕರೆದರೂ ನೌಕೆ ಓಗೊಡಲಿಲ್ಲ.

ಹನ್ನೆರಡು ಗಂಟೆಗಳ ತರುವಾಯ ಗಣಕವು ತಾನಾಗಿಯೇ ಮುಖ್ಯ ಗ್ರಾಹಕಕ್ಕೆ ಮರಳಿತು. ಎಲ್ಲರೂ ನಿಟ್ಟುಸಿರುಬಿಟ್ಟರು. ಆದರೆ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮುಖ್ಯ ಗ್ರಾಹಕವು ಶಾಶ್ವತವಾಗಿ ಕೆಟ್ಟುಹೋಯಿತು. ಈಗ ನೌಕೆಯು ನಿಜವಾಗಿಯೂ ಕಿವುಡಾಗಿತ್ತು. ಗಣಕವು ಮತ್ತೆ ಒಂದು ವಾರ ಕಾದು ಮೀಸಲು ಗ್ರಾಹಕಕ್ಕೆ ಬದಲಾಯಿಸುವವರೆಗೆ ಮನುಷ್ಯರು ಮಾಡುವುದೇನೂ ಉಳಿದಿರಲಿಲ್ಲ.

ಎಂಜಿನಿಯರುಗಳು ಆ ವಾರವನ್ನು ವ್ಯರ್ಥಗೊಳಿಸಲಿಲ್ಲ. ಗ್ರಾಹಕವು ಅಲೆಗಳನ್ನು ಹಿಂಬಾಲಿಸಲಾರದಾದರೆ ಅಲೆಗಳನ್ನೇ ಗ್ರಾಹಕಕ್ಕೆ ಹೊಂದಿಸಿದರಾಯಿತೆಂದು ಅವರು ಯೋಚಿಸಿದರು. ಭೂಮಿಯ ಚಲನೆ, ನೌಕೆಯ ವೇಗಗಳನ್ನು ಲೆಕ್ಕಹಾಕಿ, ಅದಕ್ಕೆ ತಕ್ಕಂತೆ ಪ್ರೇಷಕದ ಆವರ್ತಾಂಕವನ್ನು ಬದಲಿಸುತ್ತ ಹೋಗಲು ನಿರ್ಧರಿಸಿದರು. ಏಪ್ರಿಲ್ 13ರಂದು ಹಾಗೆ ಕಳುಹಿಸಿದ ಆಜ್ಞೆಯನ್ನು ನೌಕೆಯು ಕೇಳಿಸಿಕೊಂಡಿತು.

ತೊಡಕು ಅಲ್ಲಿಗೇ ಮುಗಿಯಲಿಲ್ಲ. ನೌಕೆಯ ಉಷ್ಣತೆ ಕೊಂಚ ವ್ಯತ್ಯಾಸವಾದರೂ ಗ್ರಾಹಕವು ಕೇಳುವ ಆವರ್ತಾಂಕ ಸರಿದುಬಿಡುತ್ತಿತ್ತು. ಆದುದರಿಂದ ಉಪಕರಣಗಳ ಚಾಲನೆಯಿಂದ ಉಷ್ಣತೆ ಬದಲಾದ ಮೇಲೆ ಆಜ್ಞೆ ಕಳುಹಿಸದೆ ಕಾಯುವ ನಿಯಮವನ್ನು ಮಾಡಿಕೊಂಡರು. ಉಳಿದ ಒಂದು ಕಿವಿಯೂ ಕೆಟ್ಟರೆ ನೌಕೆಯು ತಾನಾಗಿಯೇ ಕನಿಷ್ಠ ಕಾರ್ಯವನ್ನು ನೆರವೇರಿಸಲೆಂದು ಅಗತ್ಯವಾದ ಸೂಚನೆಗಳನ್ನು ಅದರ ಗಣಕದಲ್ಲಿ ಮುಂಚಿತವಾಗಿ ತುಂಬಿದರು.

ಆ ಕುಂದುಳ್ಳ ಕಿವಿಯಿಂದಲೇ ಆಜ್ಞೆಗಳನ್ನು ಆಲಿಸುತ್ತ ವಾಯೇಜರ್-2 ನೌಕೆಯು 1979ರಲ್ಲಿ ಗುರುವನ್ನೂ 1981ರಲ್ಲಿ ಶನಿಯನ್ನೂ 1986ರಲ್ಲಿ ಯುರೇನಸನ್ನೂ 1989ರಲ್ಲಿ ನೆಪ್ಚೂನನ್ನೂ ಸಂದರ್ಶಿಸಿತು. 2018ರಲ್ಲಿ ಅದು ಸೂರ್ಯನ ಪ್ರಭಾವಲಯವನ್ನು ದಾಟಿ ನಕ್ಷತ್ರಗಳ ನಡುವಣ ಅವಕಾಶವನ್ನು ಪ್ರವೇಶಿಸಿತು.

ಮೀಸಲು ಎಂಬುದು ಇದ್ದರಷ್ಟೇ ಸಾಲದು; ಅದು ಸುಸ್ಥಿತಿಯಲ್ಲಿದೆಯೇ ಎಂದು ಆಗಾಗ ಪರೀಕ್ಷಿಸುತ್ತಿರಬೇಕು. ಯಂತ್ರವು ತನಗೆ ಹೇಳಿಕೊಟ್ಟ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತದೆ; ಆದರೆ ನಿಯಮಕ್ಕೆ ಮೀರಿದ ಸನ್ನಿವೇಶವನ್ನು ಅರಿತು ದಾರಿ ಹುಡುಕುವ ಹೊಣೆ ಮನುಷ್ಯನದು. ಒಂದು ಮರೆವಿನಿಂದ ಮೊದಲಾದ ಆಪತ್ತನ್ನು ತಾಳ್ಮೆಯೂ ಲೆಕ್ಕಾಚಾರವೂ ಪರಿಹರಿಸಿದುವು. ಕಣ ಕಾಯುವವರಿಗೂ ಗಗನನೌಕೆಯನ್ನು ನಡೆಸುವವರಿಗೂ ಎಚ್ಚರವೇ ಮೊದಲ ಧರ್ಮ.